ಐದು ಎಣಿಸುವಷ್ಟು ಹೊತ್ತು

ಚಿಯಾತುರಾದ ಈ ಶಿಶುವಿಹಾರದಲ್ಲಿ
ದೊಡ್ಡವರಿಗೆಂದು ಇರುವುದು ಒಂದೇ ಕುರ್ಚಿ,
ಅದರ ಮೇಲೆ ಅಡುಗೆಯ ಗುಲಿಕೋಳ ಕೋಟು.
ಹಾಗಾಗಿ ನಾನು ಮಕ್ಕಳ ಕುರ್ಚಿಯಲ್ಲೇ ಕೂತೆ,
ಮೊಣಕಾಲು ಗಲ್ಲಕ್ಕೆ ತಾಗುವಂತೆ,
ತೊಡೆಯ ಮೇಲೆ ನೋಟುಬುಕ್ಕು.
ನೋಡುವುದು ನನ್ನ ಕೆಲಸ. ಮುಟ್ಟುವುದಲ್ಲ.

ಕಿಟಕಿಯಾಚೆ ಮ್ಯಾಂಗನೀಸ್ ತೊಳೆದು ಕಪ್ಪಾದ ಹೊಳೆ,
ತಂತಿಗೆ ಜೋತ ತುಕ್ಕುಪೆಟ್ಟಿಗೆ ಗಣಿಯತ್ತ ಏರುತ್ತಿತ್ತು.
ಒಳಗೆ ಹದಿನೇಳು ಮಕ್ಕಳು, ತ್ಸಿಯಾಲಾ ಟೀಚರ್ ಒಬ್ಬಳೇ,
ಮತ್ತು ಎರೆಕ್ಲೆ:
ನಾಲ್ಕು ವರ್ಷ, ಬಿಗಿದ ಕಾಲು, ಸಡಿಲ ಕುತ್ತಿಗೆ.
ಮಾತು ಬಂದಿಲ್ಲ. ಬರುತ್ತದೋ, ಹೇಳಬಲ್ಲವರಿಲ್ಲ.
ಅಜ್ಜಿ ಅವನನ್ನು ಬೆನ್ನಿಗೆ ಕಟ್ಟಿಕೊಂಡು
ಮುನ್ನೂರು ಮೆಟ್ಟಿಲು ಇಳಿದು ಬರುತ್ತಾಳೆ,
ಇಳಿಸುವಾಗ ದಿನವೂ ಅದೇ ಮಾತು:
"ತೊಂದರೆ ಕೊಟ್ಟರೆ ಹೇಳಿಕಳಿಸಿ."

ಹೋದ ತಿಂಗಳು ನಾನೊಂದು ತಪ್ಪು ಮಾಡಿದ್ದೆ.
ತ್ಸಿಯಾಲಾ ಚಮಚ ಹಿಡಿದ ರೀತಿ ಸರಿಕಾಣದೆ
ಎದ್ದು ಹೋಗಿ, "ಕೊಡಿ ಇಲ್ಲಿ" ಎಂದು ಕಸಿದುಕೊಂಡು,
ಮಗುವಿನ ಬೆನ್ನಿಗೆ ಟವೆಲ್ಲು ಸುತ್ತಿ ಒತ್ತುಕೊಟ್ಟು
ಗಲ್ಲ ತಗ್ಗಿಸಿ, ನಾನೇ ಉಣಿಸಿಬಿಟ್ಟೆ.
ಚೆನ್ನಾಗಿಯೇ ಉಂಡ. ಒಂದು ತುತ್ತೂ ಚೆಲ್ಲಲಿಲ್ಲ.
ಅವಳು ಕೈಕಟ್ಟಿ ನಿಂತಿದ್ದಳು,
ತನ್ನದೇ ತರಗತಿಯಲ್ಲಿ ನೆಂಟಳ ಹಾಗೆ.
ಮರುವಾರ ಫೋನು ಎತ್ತಲಿಲ್ಲ. ಅದರ ಮರುವಾರವೂ.
ಇಪ್ಪತ್ತೆರಡು ವರ್ಷ ಊರ ಮೂಗು ಒರೆಸಿದ ಕೈ ಅವಳದು.
ನನ್ನಲ್ಲಿದ್ದದ್ದು ಒಂದು ಪ್ರಮಾಣಪತ್ರ.

ಈ ಸಲ ಕ್ಷಮೆ ಕೇಳಿಯೇ ಒಳಗೆ ಬಂದೆ.
ಮಕ್ಕಳು ಮಲಗಿದ ಮೇಲೆ
ಸಾಲುಮಂಚಗಳ ನಡುವೆ, ಪಿಸುದನಿಯಲ್ಲಿ,
ಬರೆದದ್ದನ್ನು ಅವಳೆದುರು ಓದಿದೆ. ತೀರ್ಪಲ್ಲ, ಲೆಕ್ಕ:
ಊಟದ ಹೊತ್ತಲ್ಲಿ ಎರೆಕ್ಲೆಗೆ ನೀನು ಕೇಳಿದ ಪ್ರಶ್ನೆ ಹನ್ನೊಂದು.
ಹನ್ನೊಂದಕ್ಕೂ ಉತ್ತರ ನಿನ್ನದೇ.
"ಹಸಿವಾಯ್ತಾ? ಹ್ಞೂಂ, ಆಯ್ತು.
ಸಿಹಿನೀರು ಬೇಕಾ? ಬೇಕು, ಬೇಕು, ನನ್ನ ಬಂಗಾರಕ್ಕೆ."

ಬಹಳ ಹೊತ್ತು ಹೊದಿಕೆಯೊಂದರ ಅಂಚು ಮಡಿಸುತ್ತ ಕೂತಳು.
"ಅವನು ಹೇಳಲಾರ ಅಲ್ಲವೇ, ಅದಕ್ಕೆ..."
ಆಮೇಲೆ, ನನಗಲ್ಲ, ಹೊದಿಕೆಗೆ ಎಂಬಂತೆ:
"ಹನ್ನೊಂದಾ?"

ಹೇಳಬೇಕಾದ್ದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು,
ತರಬೇತಿಯ ಮೂರನೇ ಪಾಠ, ದಪ್ಪಕ್ಷರದಲ್ಲಿ.
ನುಂಗಿಕೊಂಡೆ. ಒಳಗೊಳಗೇ ಎಣಿಸಿದೆ:
ಎರ್ತಿ. ಓರಿ. ಸಾಮಿ.
ನಾಲ್ಕು ಬರುವಷ್ಟರಲ್ಲಿ ಅವಳೇ ತಲೆಯೆತ್ತಿದಳು:
"ಕೇಳಿ ಸುಮ್ಮನಿದ್ದರೆ? ಎಷ್ಟು ಹೊತ್ತು ಇರಬೇಕು?"
"ನಿನ್ನಿಂದ ಎಷ್ಟು ಆಗುತ್ತದೆ?"
"ಐದು," ಎಂದಳು. "ಐದರಾಚೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ."

ಮಾರನೆಯ ಮಧ್ಯಾಹ್ನ.
ಲೋಟದಲ್ಲಿ ಮರಸೇಬು ಬೇಯಿಸಿದ ಸಿಹಿನೀರು.
"ಬೇಕಾ, ಎರೆಕ್ಲೆ?"
ಒಂದು: ಏನೂ ಇಲ್ಲ.
ಎರಡು: ಬಾರ್ಬರೆ ಕೂಗಿದಳು,
"ಅವನಿಗೆ ಬೇಕು ಟೀಚರ್, ದಿನಾ ಬೇಕು!"
ಮೂರು: ತ್ಸಿಯಾಲಾಳ ಹೆಬ್ಬೆರಳು ಲೋಟದ ಮೈಗೊತ್ತಿ ಬೆಳ್ಳಗಾಯಿತು.
ಒಲೆಯ ಮೇಲೆ ಏನೋ ಉಕ್ಕಿ ಚುರ್ರೆಂದಿತು.
ನನ್ನ ಕೈ ತುರಿಸಿತು; ತೊಡೆಯಡಿ ಇಟ್ಟುಕೊಂಡು ಕೂತೆ.
ಐದು ದಾಟಿತು. ಅವಳು ಅಲುಗಲಿಲ್ಲ.
ಏಳೋ ಎಂಟೋ, ನಾನೇ ಲೆಕ್ಕ ತಪ್ಪಿದ್ದೆ,
ಎರೆಕ್ಲೆಯ ಎಡಗೈ, ಬಿಚ್ಚದ ಮುಷ್ಟಿಯಾಗಿಯೇ,
ಮೇಜಿನ ಮೇಲೆ ತೆವಳಿ ತೆವಳಿ ಬಂದು
ಲೋಟವನ್ನು ದೂಡಿತು,
ಆಚೆಗೆ.

ಎರಡು ವರ್ಷ ದಿನಾ ಕುಡಿಸಿದ್ದು
ಅವನಿಗೆ ಸೇರುತ್ತಲೇ ಇರಲಿಲ್ಲ.

ಸಿಹಿನೀರು ಮೇಜಿನಂಚಿನಿಂದ
ಅವಳ ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿತ್ತು.
ಬಟ್ಟೆ ಹುಡುಕಲಿಲ್ಲ ಅವಳು. ಅಡುಗೆಮನೆಯತ್ತ ತಿರುಗಿ,
ಊರಿಗೆಲ್ಲ ಕೇಳುವ ಹಾಗೆ:
"ಗುಲಿಕೋ! ಎರೆಕ್ಲೆಗೆ ಇದು ಬೇಡವಂತೆ!"

ಬೇಡವಂತೆ.
ಆ 'ಅಂತೆ'ಯ ಕೆಳಗೆ ನೋಟುಬುಕ್ಕಿನಲ್ಲಿ ಗೆರೆ ಎಳೆದೆ.
ಅವನು ಹೇಳಿದ್ದಾಗಿ ಯಾರೂ ಯಾರಿಗೂ
ಇವತ್ತಿನವರೆಗೆ ಏನನ್ನೂ ಹೇಳಿರಲಿಲ್ಲ.

"ಮತ್ತೇನು ಬೇಕಂತೆ ಸಾಹೇಬರಿಗೆ?" ಒಳಗಿನಿಂದ ಗುಲಿಕೋ.
ತ್ಸಿಯಾಲಾ ಆಗಲೇ ಅವನೆದುರು ಮೊಣಕಾಲೂರಿದ್ದಳು.
"ತಾಳು," ಎಂದಳು,
"ಕೇಳುತ್ತಿದ್ದೇನೆ."