ಒಂದೂವರೆ ಲೀಟರಿನ ಹೊಟ್ಟೆ

ಒಲೆ ಕೂಡದು, ಸಿಲಿಂಡರು ಕೂಡದು
ಅಂದಿದ್ದರು ಸಾಲಗಾಮೆ ರಸ್ತೆಯ ಕೋಣೆ ತೋರಿಸುತ್ತ
ಓನರ್ ಸಾಕಮ್ಮ.
ಕರೆಂಟಿನ ಕುಕ್ಕರಿನ ಬಗ್ಗೆ ಏನೂ ಹೇಳಿರಲಿಲ್ಲ.
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ಚೌಕಾಸಿ ಮಾಡಿ ತಂದೆ:
ಬಿಳಿ ಮೈ, ಸೊಟ್ಟ ಮುಚ್ಚಳ,
ಒಂದೂವರೆ ಲೀಟರಿನ ಹೊಟ್ಟೆ, ಒಂದೇ ಗುಂಡಿ.
ಒತ್ತಿದರೆ ಬೇಯುತ್ತದೆ,
ಟಕ್ಕನೆ ಮೇಲೆದ್ದರೆ ಬೆಂದಿದೆ.
ಇಷ್ಟು ನೇರ ಮಾತಾಡುವವರು
ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ.

ಹಗಲೆಲ್ಲ ನನ್ನದು ಹಾಲಿನ ಕೆಲಸ.
ಕ್ಯಾನಿನ ಮುಚ್ಚಳ ತೆಗೆದು ಮೂಸುವುದು,
ಹುಳಿಯೋ, ಹೊಗೆಯೋ, ಬೂಸಾ ವಾಸನೆಯೋ,
ಜಿಡ್ಡೆಷ್ಟು ನೀರೆಷ್ಟು ಬರೆದು ಸೈ ಹಾಕುವುದು.
ಲ್ಯಾಕ್ಟೋಮೀಟರು ಮುಳುಗಿ ಎದ್ದು
ಪಂಚಾಯಿತಿಯ ಹಿರಿಯನ ಹಾಗೆ ತಲೆಯಾಡಿಸುತ್ತದೆ.
ಸಂಜೆ ಮೂರು ಸಲ ಸೋಪು ಹಚ್ಚಿ ತೊಳೆದು ಬಂದರೆ
ಕೋಣೆಯೊಳಗೆ ಒಂದು ಹನಿ ಹಾಲಿಲ್ಲ,
ಮೊಸರಿಲ್ಲ, ಊರಿಂದ ಬಂದ ತುಪ್ಪದ ಬಾಟಲಿ
ಬಂದ ದಿನವೇ ಬೇರೆಯವರ ಪಾಲು.
'ಹರಕೆಯಾ?' ಅಂದ ಟ್ಯಾಂಕರಿನ ತಿಮ್ಮೇಶ.
'ಶುಗರ್ರಾ?' ಅಂದರು ಕ್ಯಾಂಟೀನಿನ ಖುರ್ಷಿದಕ್ಕ.
ಇಬ್ಬರಿಗೂ ಹೂಂ ಅಂದೆ.

ಮೊದಲ ವಾರ ಮುದ್ದೆಗೇ ಕೈ ಹಾಕಿದ್ದೆ.
ಆ ಪುಟ್ಟ ಪಾತ್ರೆಯಲ್ಲಿ ಕೋಲಾಡಿಸಲು ಜಾಗವೆಲ್ಲಿ?
ಗಂಟೋ ಗಂಟು. ಒಡೆದರೆ ಒಳಗೆ
ಬಸ್ಸು ಹೋದ ಮೇಲಿನ ಧೂಳಿನಂಥ ಹಿಟ್ಟು.
ಹುಚ್ಚೆಳ್ಳು ಪುಡಿ ನೆಂಚಿಕೊಂಡು ಒಬ್ಬಳೇ ನಗುತ್ತ ತಿಂದೆ.
ಅದಕ್ಕೆ ಒಗ್ಗುವುದನ್ನಷ್ಟೇ ಕೇಳಬೇಕು, ಆಮೇಲೆ ಕಲಿತೆ.
ನೆನೆದ ಹುರುಳಿ ಬೇಯಿಸಿ, ಕಟ್ಟು ಬಸಿದು,
ಮೆಣಸು ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಉಪ್ಪೆಸರು.
ಅಕ್ಕಿಯ ಮೇಲೆ ತೂತಿನ ತಟ್ಟೆ, ಅದರಲ್ಲಿ ಆಲೂಗಡ್ಡೆ.
ಎಷ್ಟು ತೊಳೆದರೂ ಸಿಪ್ಪೆಯಲ್ಲುಳಿದ ಹೊಲ
ಅನ್ನಕ್ಕೆ ಇಳಿಯುತ್ತದೆ, ಮೆಲ್ಲಗೆ.
ಮಾಗಿ ಬಂತೆಂದರೆ ಹಿತಕವರೆ,
ಪಕ್ಕದ ಕೋಣೆಯ ಜೆಸಿಂತಾ ನೈಟ್ ಡ್ಯೂಟಿಗೆ ಮೊದಲು
ಹಿತುಕಿಕೊಟ್ಟೇ ಹೋಗುವಳು,
ಇಂಜೆಕ್ಷನ್ ಕೊಡುವ ಹೆಬ್ಬೆರಳು ಹಸಿರು.

ನಿಜ ಹೇಳಿದ್ದು ಅವಳೊಬ್ಬಳಿಗೆ,
ಕರೆಂಟು ಹೋಗಿ ಅವರೆ ಅರ್ಧಕ್ಕೇ ನಿಂತ ರಾತ್ರಿ.

ನನಗಾಗ ಎಂಟು ವರ್ಷ. ಕೆಂದಿಯ ಕರು ಸತ್ತಿತ್ತು.
ಚಿಕ್ಕಪ್ಪ ಅದರ ಚರ್ಮಕ್ಕೆ ಹುಲ್ಲು ತುಂಬಿಸಿ ತಂದು
ನನ್ನ ಕೈಗೆ ಕೊಟ್ಟರು.
ಅಜ್ಜಿ ಹಿಂಡುವಷ್ಟು ಹೊತ್ತು ಹಿಡಿದು ನಿಲ್ಲಬೇಕು,
ಆಗಾಗ ಒಂಚೂರು ಅಲುಗಿಸಬೇಕು.
ಕೆಂದಿ ನೆಕ್ಕುತ್ತಿತ್ತು,
ಹೊಲಿಗೆಯನ್ನು, ಕಿವಿಯಿಂದ ಇಣುಕಿದ ಹುಲ್ಲನ್ನು,
ನೆಕ್ಕುತ್ತ ನೆಕ್ಕುತ್ತ ನನ್ನ ಮೊಣಕೈಯನ್ನೂ.
ತಂಬಿಗೆ ನೊರೆನೊರೆ ತುಂಬುತ್ತಿತ್ತು.
ಚೆನ್ನಾಗಿ ಅಲುಗಿಸುತ್ತಿದ್ದೆ ನಾನು.
ಕೇರಿಯಲ್ಲಿ ಹೊಗಳುತ್ತಿದ್ದರು.

ಆಮೇಲೂ ಇಪ್ಪತ್ತು ವರ್ಷ ಹಾಲು ಕುಡಿದೆ.
ಈಗ್ಯಾಕೆ ಬಿಟ್ಟೆ ಅಂದರೆ ನೆಟ್ಟಗೆ ಉತ್ತರವಿಲ್ಲ.
ಸಂಬಳ ಇನ್ನೂ ಅದರದ್ದೇ, ಬಾಡಿಗೆ ಅದರದ್ದೇ,
ಈ ಕುಕ್ಕರೂ ಅದರದ್ದೇ ದುಡ್ಡು.
ಒಬ್ಬಳಿಗೆ ಆಗುವಷ್ಟು ಪಾತ್ರೆ ಬಂತು,
ಏನು ಹಾಕಬೇಕೆಂದು ಮೊದಲ ಸಲ
ನನ್ನನ್ನೇ ಕೇಳಿತು.

ಜೆಸಿಂತಾ ಏನೂ ಅನ್ನಲಿಲ್ಲ.
ಕರೆಂಟು ಬಂದಾಗ ಎದ್ದು ಗುಂಡಿ ಒತ್ತಿದಳು.

ಸಂಕ್ರಾಂತಿಗೆ ಪಾಯಸ ಮಾಡಿದೆ.
ಅಕ್ಕಿ, ಬೆಲ್ಲ, ಕಾಯಿ ರುಬ್ಬಿ ಬಟ್ಟೆಯಲ್ಲಿ ಹಿಂಡಿದ ಹಾಲು,
ಏಲಕ್ಕಿ ಎರಡೇ.
ಸಾಕಮ್ಮನಿಗೂ ಒಂದು ಲೋಟ ಕೊಟ್ಟೆ.
ತಳ ಬೆರಳಲ್ಲಿ ಬಳಿದು ನೆಕ್ಕಿ ಅಂದರು:
'ಡೈರಿಯೋಳು ಅಂದ್ರೆ ಸುಮ್ನೆನಾ!
ಇಂಥ ಗಟ್ಟಿ ಹಾಲು ನಮಗೆಲ್ಲಿ ಸಿಗ್ತದೆ.
ಯಾವ ಕಡೇದವ್ವಾ ಇದು?'

ಅರಸೀಕೆರೆ ಕಡೇದು ಅಂದೆ.
ಸುಳ್ಳಲ್ಲ.