ಗೇಟಿನ ಹತ್ತಿರ

ನಾಲ್ಕೂ ಮುಕ್ಕಾಲು. ಕೂಳೂರು ಸೇತುವೆಯ ಮೇಲೆ
ಅದಿರಿನ ಲಾರಿ, ನಾನು, ಮತ್ತೊಂದು ನಾಯಿ.
ಪಣಂಬೂರು ತಿರುವಿಗೆ ನಾಯಿ ನಿಲ್ಲುತ್ತದೆ,
ಅದಕ್ಕೆ ತನ್ನ ಗಡಿ ಗೊತ್ತು.

ಮೊನ್ನೆ ಕೊಚ್ಚಿ, ನಾಳೆ ತೂತುಕುಡಿ,
ಕಂಟೇನರುಗಳ ಲೆಕ್ಕ ನನ್ನ ಹೊಟ್ಟೆಪಾಡು.
ಬ್ಯಾಗಿನ ತಳದಲ್ಲಿ ಒದ್ದೆ ಶೂ,
ಹೋಟೆಲಿನ ಸೋಪಿಗೂ ಹೋಗದ ವಾಸನೆ.

ಹರಿಣಾಕ್ಷಿಗೆ ರಾತ್ರಿ ಪಾಳಿ, ಕಂಕನಾಡಿಯಲ್ಲಿ.
ನಮ್ಮ ಸಂಸಾರ ನಡೆಯುವುದು
ಎಂಟು ಗಂಟೆಗೆ, ಗೇಟಿನ ಹತ್ತಿರ:
ಅವಳು ಒಳಗೆ, ನಾನು ಆಫೀಸಿಗೆ,
ನಡುವೆ ಒಂದು ಬೀಗದಕೈ.
ಕೆಲವೊಮ್ಮೆ "ಗಂಜಿ ಉಂಟು" ಎಂಬ ಮಾತು,
ಕೆಲವೊಮ್ಮೆ ಬರೇ ಬೀಗದಕೈ.

ಮೂವತ್ತೆರಡು ಕಿಲೋಮೀಟರು ದಾಟಿದರೆ
ಕಾಲು ಕಲ್ಲಾಗುತ್ತದೆ ಮಾರಾಯ್ತಿ, ಎಂದೆ ಒಮ್ಮೆ.
"ನನಗೆ ಹದಿನೇಳನೇ ಬೆಡ್ಡು ದಾಟಿದರೆ," ಅಂದಳು
ನನ್ನ ಸಾಕ್ಸು ಹಿಂಡುತ್ತ.
ವಾರ್ಡಿನ ಈ ತುದಿಯಿಂದ ಆ ತುದಿ, ರಾತ್ರಿಗೆ ಎಷ್ಟು ದೂರ,
ವಾಚು ಕಟ್ಟಿ ನೋಡಿದವಳಲ್ಲ.

ಈ ಸಲದ ಪದಕ ಗೋಡೆಯಲ್ಲಿಲ್ಲ.
ಹಿತ್ತಿಲ ಬಸಳೆ ಚಪ್ಪರ ಸಡಿಲಾಗಿತ್ತಂತೆ,
ರಿಬ್ಬನ್ನು ಗಟ್ಟಿ ಇತ್ತಂತೆ.
ಕಡಲ ಗಾಳಿ ಬಂದರೆ ಕಂಬಕ್ಕೆ ತಾಗಿ
ಟಿಣ್ ಅನ್ನುತ್ತದೆ.

ಇವತ್ತು ಭಾನುವಾರ. ಕಿಟಕಿಯಾಚೆ ಅವಳ ನಿದ್ದೆ.
ಓಡಲು ಹೊರಟವನು
ಶೂ ಕಟ್ಟಿಕೊಂಡೇ
ಪದಕವನ್ನು ಮುಷ್ಟಿಯಲ್ಲಿ ಹಿಡಿದು
ನಿಂತಿದ್ದೇನೆ.