ಇನ್ನೂರ ಇಪ್ಪತ್ಮೂರು ಹಲ್ಲು

ಡಾರ್ವಿನ್ನಿನ ಸೆಕೆ, ತಗಡಿನ ಶೆಡ್ಡು.
ಮೂರು ತಿಂಗಳು ಸೆವಸ್ತಿ ಹಿತ್ತಾಳೆಗೆ ಅರ ಆಡಿಸಿದಳು.
ಇನ್ನೂರ ಇಪ್ಪತ್ಮೂರು ಹಲ್ಲು ಬೇಕು:
ಎರಡಕ್ಕೆ ಒಡೆಯದು, ಮೂರಕ್ಕೂ ಬಗ್ಗದು,
ಹಟಮಾರಿ ಸಂಖ್ಯೆ.
ಎರಡು ಸಲ, ಸುತ್ತು ಮುಗಿಯುವಲ್ಲಿ ಅರ್ಧ ಹಲ್ಲು ಉಳಿಯಿತು.
ಆ ಬಿಲ್ಲೆಗಳೀಗ ಬೆಕ್ಕಿನ ಹಾಲಿಗೆ ಮುಚ್ಚಳ.

ಅವಳ ತಾತ ಕಾಲಿಮ್ನೋಸಿನವನು,
ಕಲ್ಲು ತಬ್ಬಿ ಸ್ಪಂಜಿಗೆ ಮುಳುಗುತ್ತಿದ್ದವನು.
ಅಂಥವರೇ ಒಮ್ಮೆ ಕಡಲ ತಳದಿಂದ ಎತ್ತಿದ್ದು
ಹಸಿರುಗಟ್ಟಿದ ಒಂದು ಮುದ್ದೆ.
ಒಳಗೆ ಗ್ರಹಣಗಳಿದ್ದವು.

"ಹದಿನೆಂಟು ವರ್ಷಕ್ಕೆ ಅದೇ ಗ್ರಹಣ ಮರಳುತ್ತೆ," ಅಂದಳು,
"ಮೇಲೆ ಹನ್ನೊಂದು ದಿನ, ಎಂಟು ಗಂಟೆ.
ಆ ಎಂಟು ಗಂಟೆಯದೇ ಕಿತಾಪತಿ.
ಅಷ್ಟರಲ್ಲಿ ಭೂಮಿ ತಿರುಗಿ, ಬೇರೆ ಯಾರದೋ ಅಂಗಳ."

ಟಾರ್ಚು ಹಿಡಿದು ನಿಂತಿದ್ದ ನನಗೆ
ಅಧಿಕ ಮಾಸವನ್ನು ಬೈಯುವ ಸೋದರತ್ತೆ ನೆನಪಾದಳು:
ಕರೆಯದೆ ಬಂದು ಮದುವೆ ಮುಂದೂಡಿಸುವ ನೆಂಟ!
ಅವನಿಗೂ ಇಲ್ಲೊಂದು ಮುಳ್ಳಿದೆಯಂತೆ.

ಕೊನೆಗೆ ಹಿಡಿಕೆ ತಿರುಗಿತು. ಕರಕರ.
ಬೆಳ್ಳಿ ಬಳಿದ ಗುಂಡು ಬಲದಿಂದ ತುಂಬತೊಡಗಿತು.
ಹೊರಗೆ ಮಾವಿನ ಮರದಾಚೆ ನಿಜವಾದದ್ದು,
ಎಡದಿಂದ.

ಸೆವಸ್ತಿ ಎರಡನ್ನೂ ನೋಡಿದಳು.
"ತಾತನೂ ತಲೆಕೆಳಗಾಗಿಯೇ ಇಳಿಯುತ್ತಿದ್ದ," ಎಂದು
ಯಂತ್ರವನ್ನೆತ್ತಿ
ಬುಡಮೇಲಾಗಿಸಿ ಇಟ್ಟಳು.